ಅಮೆರಿಕದ ಕಾರ್ಡಲ್ಲಿ ಅಮ್ಮನಿಗೆ ಮೊಣಕಾಲಿನ ಬ್ರೇಸ್ ಕೊಳ್ಳಬಹುದಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ಮೊಣಗಂಟು ಸವೆದಿದೆ ಅಂತ ಡಾಕ್ಟ್ರು ಹಿಂಜ್ (ಕೀಲು) ಇರುವ ನೀ ಬ್ರೇಸ್ (ಮೊಣಕಾಲಿಗೆ ಆಧಾರಕ್ಕೆ ಕಟ್ಟುವ ಪಟ್ಟಿ) ಬರ್ದು ಕೊಟ್ಟಿದ್ದಾರೆ. ನ್ಯೂಜೆರ್ಸಿಯಲ್ಲಿರುವ ತಮ್ಮ ಡಿಸೆಂಬರಲ್ಲಿ ಬರ್ತಾನೆ. ಅವನ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಅಂತ ಸಂಬಳದಿಂದ ತೆಗೆದಿಡುವ ಖಾತೆ) ಕಾರ್ಡಲ್ಲಿ ಹಣ ಉಳಿದಿದೆಯಂತೆ, ವರ್ಷ ಮುಗಿದ್ರೆ ಅದು ಹೋಗ್ತದಂತೆ, ಅದ್ರಲ್ಲೇ ತರ್ತೇನೆ ಅಂತಾನೆ. ಆಗ್ತದಾ? ಅಮ್ಮನಿಗೆ ಇನ್ಶೂರೆನ್ಸ್ ಇಲ್ಲ, ಇಲ್ಲಿಯ ಖರ್ಚೆಲ್ಲ ನಾನೇ ನೋಡೋದು.
- ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಆ ಕಾರ್ಡಲ್ಲಿ ಬೇಡ ಅಂತ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ. ನೀ ಬ್ರೇಸ್ ಅನ್ನೋದು ಅಲ್ಲಿ ಒಪ್ಪಿಗೆ ಇರುವ ವಸ್ತುವೇ, ಅದ್ರಲ್ಲಿ ತಕರಾರಿಲ್ಲ, ತಕರಾರು ಇರೋದು ಯಾರ ಕಾಲಿಗೆ ಅನ್ನೋದ್ರಲ್ಲಿ. ಎಫ್‌ಎಸ್‌ಎ ಆಗ್ಲಿ, ಅದೇ ಥರದ ಇನ್ನೊಂದು ಖಾತೆ ಎಚ್‌ಎಸ್‌ಎ ಆಗ್ಲಿ, ಟ್ಯಾಕ್ಸ್ ಕಟ್ಟದೆ ತೆಗೆದಿಟ್ಟ ಹಣ, ಅದು ಅವನಿಗೆ, ಅವನ ಹೆಂಡತಿ ಮಕ್ಕಳಿಗೆ, ಮತ್ತೆ ಅಲ್ಲಿಯ ಕಾನೂನು ಅವಲಂಬಿತರು ಅಂತ ಒಪ್ಪುವವರಿಗೆ ಮಾತ್ರ. ತಂದೆ ತಾಯಿ ಆ ಲೆಕ್ಕಕ್ಕೆ ಬರಬೇಕಾದ್ರೆ ಒಂದೋ ಅಮೆರಿಕದ ಪ್ರಜೆ ಆಗಿರ್ಬೇಕು, ಇಲ್ಲಾ ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ ವಾಸ ಇರ್ಬೇಕು. ಕಲ್ಯಾಣಪುರದ ಮನೆಯಲ್ಲಿರುವ ಅಮ್ಮನಿಗೆ ಮಗ ತಿಂಗಳು ತಿಂಗಳು ಎಷ್ಟೇ ಹಣ ಕಳಿಸ್ಲಿ, ಅವರು ಆ ಲೆಕ್ಕಕ್ಕೆ ಬರೋದಿಲ್ಲ. ಎಫ್‌ಎಸ್‌ಎಯವರು ಬಿಲ್ ಕೇಳಿದ್ರೆ ಹಣ ವಾಪಸ್ ಕಟ್ಟಬೇಕಾಗ್ತದೆ. ಎಚ್‌ಎಸ್‌ಎ ಆಗಿದ್ರೆ ಇನ್ನೂ ಕಷ್ಟ, 65 ಆಗದವರಿಗೆ ಆ ಹಣದ ಮೇಲೆ ಇನ್‌ಕಮ್ ಟ್ಯಾಕ್ಸ್, ಅದ್ರ ಮೇಲೆ ಶೇ. 20 ದಂಡ.

ನಂಗೆ ಕೇಳಿದ್ರೆ ಬ್ರೇಸನ್ನು ಅಲ್ಲಿಂದ ತರ್ಸೋದೇ ಸರಿ ಅಲ್ಲ. ಮಂಡಿಚಿಪ್ಪಿನ ಸುತ್ತ, ಅದಕ್ಕಿಂತ ಮೇಲೆ ತೊಡೆಯಲ್ಲಿ ಟೇಪ್ ಹಿಡಿದು ಸೈಜ್ ನೋಡ್ಬೇಕು, ಹಾಕಿ ನಾಲ್ಕು ಹೆಜ್ಜೆ ನಡೆಸ್ಬೇಕು, ಸಡಿಲ ಆದ್ರೆ ಜಾರಿ ಕೆಳಗೆ ಬರ್ತದೆ, ಬಿಗಿ ಆದ್ರೆ ಪಾದ ಊದ್ತದೆ, ಮತ್ತೆ ನಮ್ಮ ಕರಾವಳಿಯ ಬೆವರಿಗೆ ದಪ್ಪ ರಬ್ಬರಿನಂಥ ಬಟ್ಟೆಯದ್ದು ತುರಿಕೆ ಎಬ್ಬಿಸಿದ್ರೆ ಅಮ್ಮ ಅದನ್ನು ಕಪಾಟಲ್ಲೇ ಇಡ್ತಾರೆ. ಉಡುಪಿಯಲ್ಲೋ ಮಂಗಳೂರಲ್ಲೋ ಸರ್ಜಿಕಲ್ ಅಂಗಡಿಗೆ ಅವರನ್ನೇ ಕರ್ಕೊಂಡು ಹೋಗಿ.

ಟ್ಯಾಕ್ಸ್ ರಿಯಾಯ್ತಿ ನಿಮಗೆ ಇಲ್ಲೇ ಸಿಗುವ ದಾರಿ ಉಂಟು. 60 ದಾಟಿದ ತಂದೆ ತಾಯಿಗೆ ಹೆಲ್ತ್ ಇನ್ಶೂರೆನ್ಸ್ ಇಲ್ಲದಿದ್ರೆ ಅವರ ವೈದ್ಯಕೀಯ ಖರ್ಚನ್ನು ಮಕ್ಕಳು ಇನ್‌ಕಮ್ ಟ್ಯಾಕ್ಸ್ ಕಾನೂನಿನ ಪ್ರಕಾರ (1961ರ ಕಾನೂನಲ್ಲಿ ಇದು 80ಡಿ ಸೆಕ್ಷನ್) ವರ್ಷಕ್ಕೆ ₹50,000ದವರೆಗೆ ತೋರಿಸಬಹುದು. ಆದ್ರೆ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿರುವವರಿಗೆ ಮಾತ್ರ, ಬರೀ ಒಂದು ಬ್ರೇಸಿಗೋಸ್ಕರ ಹಳೇದಕ್ಕೆ ಹೋಗ್ಬೇಡಿ, ಎರಡೂ ಲೆಕ್ಕ ಹಾಕಿಸಿ ನೋಡಿ. ನಗದು ಕೊಟ್ರೆ ಆಗೋದಿಲ್ಲ, ಯುಪಿಐ ಅಥವಾ ಕಾರ್ಡಲ್ಲೇ, ನಿಮ್ಮ ಖಾತೆಯಿಂದಲೇ ಕೊಡಿ. ಕೆಲವು ಕಡೆ ತುಂಡು ಚೀಟಿಯಲ್ಲಿ ‘ಬೆಲ್ಟ್’ ಅಂತ ಗೀಚಿ ಕೊಡ್ತಾರೆ, ತಗೊಳ್ಬೇಡಿ. ಯಾವ್ಯಾವ ಖರ್ಚು ಅಂತ ಕಾನೂನಲ್ಲಿ ಪಟ್ಟಿ ಇಲ್ಲ, ಹಾಗಾಗಿ ಅಮ್ಮನ ಹೆಸರು, ವಸ್ತುವಿನ ಹೆಸರು ಇರುವ ಜಿಎಸ್‌ಟಿ ಬಿಲ್, ಜೊತೆಗೆ ಡಾಕ್ಟ್ರ ಚೀಟಿ ಎರಡನ್ನೂ ಒಟ್ಟಿಗೆ ಇಡಿ.

ತಮ್ಮನ ಎಫ್‌ಎಸ್‌ಎ ಹಣಕ್ಕೆ ಗಡಿಬಿಡಿ ಬೇಡ. ಕೆಲವು ಕಂಪನಿಗಳು ಎರಡೂವರೆ ತಿಂಗಳು ಹೆಚ್ಚಿಗೆ ಟೈಮ್ ಕೊಡ್ತವೆ, ಕೆಲವು ಸ್ವಲ್ಪ ಹಣ ಮುಂದಿನ ವರ್ಷಕ್ಕೆ ಹೋಗ್ಲಿಕ್ಕೆ ಬಿಡ್ತವೆ, ಅವನ ಆಫೀಸಲ್ಲಿ ಏನುಂಟು ಕೇಳ್ಲಿ. ಅವನಿಗೇ ಸೊಂಟನೋವಿಗೆ ಬೆಲ್ಟ್, ಮಣಿಕಟ್ಟಿಗೆ ಸಪೋರ್ಟ್ ಏನಾದ್ರೂ ಬೇಕಿದ್ರೆ ಅದ್ರಲ್ಲಿ ಧಾರಾಳ ತಗೊಳ್ಳಬಹುದು.