ಸರ್ಕಾರದ ಖರ್ಚು ಜಿಡಿಪಿಯ 57% ಅಂದ್ರೆ ಖಾಸಗಿಯವರಿಗೆ ಉಳಿಯೋದು ಬರೀ 43% ಆ?

ಇಲ್ಲ, ಹಾಗಲ್ಲ. ಫ್ರಾನ್ಸ್‌ನಲ್ಲಿ ಸರ್ಕಾರದ ಖರ್ಚು ಜಿಡಿಪಿಯ (ಅಂದ್ರೆ ದೇಶದೊಳಗೆ ಒಂದು ವರ್ಷದಲ್ಲಿ ಆದ ಉತ್ಪಾದನೆಯ ಒಟ್ಟು ಮೌಲ್ಯದ) 57% ಆಸುಪಾಸು ಅಂತ ಓದಿ, ಹಾಗಾದ್ರೆ ಮಿಕ್ಕೋರೆಲ್ಲ 43ರಲ್ಲೇ ಬದುಕ್ಬೇಕಾ ಅಂತ ಕೇಳಿದೀರಿ. ನಾನೂ ಸುಮಾರು ವರ್ಷ ಹಂಗೇ ಅಂದ್ಕೊಂಡಿದ್ದೆ. ಒಂದ್ಸಲ ಎಕ್ಸೆಲ್ ಶೀಟಲ್ಲಿ ಆ 57ಕ್ಕೆ ಜನರ ಮನೆ ಖರ್ಚು, ಕಂಪನಿಗಳ ಹೂಡಿಕೆ, ರಫ್ತು-ಆಮದಿನ ವ್ಯತ್ಯಾಸ ಎಲ್ಲಾ ಕೂಡಿಸಿದ್ರೆ 100 ಬರೋ ಕಡೆ 130ರ ಹತ್ರ ಬಂತು, ಫಾರ್ಮುಲಾ ಎಲ್ಲಿ ಕೆಟ್ಟಿದೆ ಅಂತ ಅರ್ಧ ದಿನ ತಡಕಾಡಿದೀನಿ.

ಫಾರ್ಮುಲಾ ಸರಿಯಾಗೇ ಇತ್ತು. ಜಿಡಿಪಿಗೆ ಸೇರೋದು ಸರ್ಕಾರ ತಾನೇ ಕೊಳ್ಳೋ ಅಥವಾ ಒದಗಿಸೋ ಸರಕು-ಸೇವೆ ಮಾತ್ರ, ಅಂದ್ರೆ ಮೇಷ್ಟ್ರ ಸಂಬಳ, ಆಸ್ಪತ್ರೆ, ಸೇನೆ, ರಸ್ತೆ ಇಂಥವು. ಪಿಂಚಣಿ, ನಿರುದ್ಯೋಗ ಭತ್ಯೆ, ಸಾಲದ ಬಡ್ಡಿ ಇವೆಲ್ಲ ಒಬ್ರ ಜೇಬಿಂದ ಇನ್ನೊಬ್ರ ಜೇಬಿಗೆ ಹೋಗೋ ದುಡ್ಡು. ಒಬ್ರು ಅಜ್ಜಿಗೆ 100 ಪಿಂಚಣಿ ಬಂತು ಅಂದ್ಕೊಳ್ಳಿ, ಅದು ಬಜೆಟ್ಟಲ್ಲಿ 100 ಖರ್ಚು, ಆದ್ರೆ ಆ ಕ್ಷಣಕ್ಕೆ ಜಿಡಿಪಿಗೆ ಸೊನ್ನೆ. ಅಜ್ಜಿ ಹೋಗಿ ಮಾತ್ರೆ, ಚಪ್ಪಲಿ ತಗೊಂಡಾಗ ಅದೇ 100 ಜನರ ಬಳಕೆ ಅನ್ನೋ ಸಾಲಲ್ಲಿ ಬರತ್ತೆ. ನಾನು ಆ ನೂರನ್ನ ಎರಡು ಸಲ ಎಣಿಸಿದ್ದೆ, ಅಷ್ಟೇ. ಫ್ರಾನ್ಸ್‌ನಲ್ಲಿ ಸರ್ಕಾರದ ಬಳಕೆ 24% ಆಸುಪಾಸು, ಹೂಡಿಕೆ 4% ಆಸುಪಾಸು, ಎರಡೂ ಸೇರಿ 28. ಉಳಿದಿದ್ದು ಹೆಚ್ಚಿನಂಶ ಈ ಥರ ಕೈ ಬದಲಾಯಿಸೋ ದುಡ್ಡೇ.

ಅದಕ್ಕೇ ಈ 57ನ್ನ ಪಾಲು ಅನ್ನೋದಕ್ಕಿಂತ ಅನುಪಾತ ಅನ್ನೋದು ವಾಸಿ. ಪಾಲಾಗಿದ್ರೆ 100 ದಾಟೋಕೆ ಆಗ್ತಿರ್ಲಿಲ್ಲ. ಟುವಾಲು, ಕಿರಿಬಾಟಿಯಂಥ ಪುಟ್ಟ ದ್ವೀಪ ದೇಶಗಳಲ್ಲಿ ದಾಟಿದ್ದೂ ಇದೆ, ಯಾಕಂದ್ರೆ ಅಲ್ಲಿನ ಸರ್ಕಾರಕ್ಕೆ ವಿದೇಶಿ ನೆರವು, ಹೊರಗಿನ ಹಡಗುಗಳಿಗೆ ಕೊಡೋ ಮೀನುಗಾರಿಕೆ ಲೈಸೆನ್ಸ್ ಫೀಸು ಅಂತ ದೇಶದೊಳಗಿನ ಉತ್ಪಾದನೆಗೆ ಸೇರದ ದುಡ್ಡು ತುಂಬಾ ಬರತ್ತೆ.

ಇನ್ನು ಯಾವ ಸರ್ಕಾರ ಅನ್ನೋದನ್ನೂ ನೋಡ್ಕೊಳ್ಳಿ. ಅಮೆರಿಕದಲ್ಲಿ ಫೆಡರಲ್ ಅಂದ್ರೆ ಕೇಂದ್ರ ಸರ್ಕಾರ ಮಾತ್ರ ಹಿಡಿದ್ರೆ 23% ಆಸುಪಾಸು, ರಾಜ್ಯ, ಸ್ಥಳೀಯ ಸಂಸ್ಥೆ ಸೇರಿಸಿದ್ರೆ 36% ಮೇಲೆ, ಮತ್ತೆ ಸೇರಿಸುವಾಗ ಫೆಡರಲ್ಲಿಂದ ರಾಜ್ಯಕ್ಕೆ ಹೋದ ಅನುದಾನ ಕಳೀಬೇಕು, ಇಲ್ದಿದ್ರೆ ಅಜ್ಜಿ ಕಥೆಯೇ ಪುನಃ. ಇಂಟರ್ನೆಟ್ ಜಗಳಗಳಲ್ಲಿ ಒಬ್ರು 23 ಹಿಡ್ಕೊಂಡು ಇನ್ನೊಬ್ರು 36 ಹಿಡ್ಕೊಂಡು ಕಚ್ಚಾಡೋದು ಮಾಮೂಲು, ಇಬ್ರೂ ಸರಿ, ಇಬ್ರೂ ಬೇರೆ ಬೇರೆ ಮಾತಾಡ್ತಿರ್ತಾರೆ.

ನನಗೆ ಜಾಸ್ತಿ ಮಜಾ ಅನ್ಸೋದು ಈ ಅನುಪಾತದಲ್ಲಿ ಕೆಳಗಿರೋ, ಭಾಗಿಸೋ ಸಂಖ್ಯೆ, ಅಂದ್ರೆ ಜಿಡಿಪಿ. ಐರ್ಲೆಂಡಲ್ಲಿ 2015ರಲ್ಲಿ ಒಂದೇ ವರ್ಷಕ್ಕೆ ಜಿಡಿಪಿ 25%ಗಿಂತ ಜಾಸ್ತಿ ಏರ್ತು. ಹೊಸ ಕಾರ್ಖಾನೆಗಳೇನೂ ರಾತ್ರೋರಾತ್ರಿ ಎದ್ದಿರ್ಲಿಲ್ಲ, ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟು ಗೀಟೆಂಟು ಅಂತ ತಮ್ಮ ಆಸ್ತಿನ ಲೆಕ್ಕದ ಪುಸ್ತಕದಲ್ಲಿ ಅಲ್ಲಿಗೆ ಸಾಗಿಸಿದ್ವು. ಸರ್ಕಾರದ ಖರ್ಚಿನ ಅನುಪಾತ 37% ಹತ್ರದಿಂದ 29% ಹತ್ರಕ್ಕೆ ಬಿತ್ತು, ಸರ್ಕಾರ ಆ ಪಾಟಿ ಏನೂ ಕಡಿತ ಮಾಡಿರ್ಲಿಲ್ಲ! ಆಮೇಲೆ ಅಲ್ಲಿನ ಅಂಕಿಅಂಶ ಇಲಾಖೆಯೇ ಈ ಉಬ್ಬನ್ನ ತೆಗೆದು ತೋರಿಸೋ ರಾಷ್ಟ್ರೀಯ ಆದಾಯದ ಬೇರೆ ಅಳತೆ ಮಾಡ್ತು. ಐರ್ಲೆಂಡನ್ನ ಯಾರ ಜೊತೆ ಹೋಲಿಸೋದಾದ್ರೂ ಅದನ್ನೇ ಬಳಸಿ.

ಹೋಲಿಕೇಲಿ ಇನ್ನೊಂದು ಎಡವಟ್ಟಿದೆ. ಒಂದು ದೇಶ ಅಜ್ಜಿಗೆ 100 ಕೊಟ್ಟು 25 ತೆರಿಗೆ ಅಂತ ವಾಪಸ್ ಇಸ್ಕೊಳ್ಳತ್ತೆ, ಇನ್ನೊಂದು ತೆರಿಗೆ ಇಲ್ದೆ ನೇರ 75 ಕೊಡತ್ತೆ. ಅಜ್ಜಿ ಕೈಲಿ ಎರಡೂ ಕಡೆ 75. ಲೆಕ್ಕದಲ್ಲಿ ಮೊದಲನೇದು ದೊಡ್ಡ ಸರ್ಕಾರ. ಮಕ್ಕಳಿರೋರಿಗೆ ನಗದು ಕೊಟ್ರೆ ಖರ್ಚು, ಅಷ್ಟೇ ತೆರಿಗೆ ವಿನಾಯಿತಿ ಕೊಟ್ರೆ ಖರ್ಚಿನ ಸಾಲಲ್ಲಿ ಸಾಮಾನ್ಯವಾಗಿ ಕಾಣ್ಸೋದೇ ಇಲ್ಲ.

ನಿಮ್ಮ ಪ್ರಶ್ನೆಗೆ ಬೇಕಾಗಿರೋದು ಸರ್ಕಾರ ತಾನೇ ಎಷ್ಟು ಬಳಸ್ತು ಅಂತಾದ್ರೆ ಆ 28 ನೋಡಿ, ಸರ್ಕಾರದ ಕೈಯಿಂದ ಎಷ್ಟು ದುಡ್ಡು ಹಾದುಹೋಯ್ತು ಅಂತಾದ್ರೆ 57.