ದುಡ್ಡು ಕೊಟ್ಟವರು ಲೆಕ್ಕ ಕೇಳ್ತಾರಾ?

ಪ್ರಶ್ನೆ: ಬಡ ದೇಶದ ಜನರ ಮೇಲೆ ತೆರಿಗೆ ಹಾಕುವ ಬದಲು ಶ್ರೀಮಂತ ದೇಶಗಳೇ ಜಾಸ್ತಿ ನೆರವು ಕೊಟ್ಟರೆ ಒಳ್ಳೆಯದಲ್ವಾ ಮೇಡಂ? ತೆರಿಗೆ ಪಡೆಯುವ ಸರ್ಕಾರ ಮಾತ್ರ ಜನರ ಮಾತು ಕೇಳುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಆ ಅರ್ಧಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಸೊಮಾಲಿಲ್ಯಾಂಡ್. 1991ರಲ್ಲಿ ಅದು ಸೊಮಾಲಿಯಾದಿಂದ ಬೇರೆಯಾಯಿತು. ಆಗ ಯಾರೂ ಅದನ್ನು ದೇಶ ಅಂತ ಒಪ್ಪಲಿಲ್ಲ. ಹಾಗಾಗಿ ವಿಶ್ವಬ್ಯಾಂಕಿನ ಸಾಲವೂ ಸಿಗುವಂತಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ಆದಾಯ ಬರ್ಬೆರಾ ಬಂದರಿನದು. ಕುರಿ, ಮೇಕೆ, ಒಂಟೆ ತುಂಬಿಕೊಂಡು ಹಡಗುಗಳು ಅರೇಬಿಯಾ ಕಡೆ ಹೊರಡುವುದು ಅಲ್ಲಿಂದಲೇ. 1992ರಲ್ಲಿ ಸರ್ಕಾರ ಬಂದೂಕು ಹಿಡಿದು ಆ ಬಂದರನ್ನು ಕಿತ್ತುಕೊಳ್ಳಲು ಹೋಯಿತು. ಅದು ಯಾವ ಕುಲದ ಕೈಲಿತ್ತೋ ಅವರು ತಿರುಗಿಬಿದ್ದರು. ಸರ್ಕಾರಕ್ಕೆ ಬಂದರು ದಕ್ಕಲಿಲ್ಲ.

ಆಮೇಲೆ ಕುಲಗಳ ಹಿರಿಯರು ಕೂತು ಮಾತಾಡಿದರು. ಬಂದರು ಎಲ್ಲರದೂ ಆಗಲಿ, ಅಧಿಕಾರದಲ್ಲೂ ಎಲ್ಲರಿಗೂ ಪಾಲಿರಲಿ ಅಂತ ಒಪ್ಪಂದವಾಯಿತು. 1993ರಲ್ಲಿ ಬೊರಾಮದಲ್ಲಿ ತಿಂಗಳುಗಟ್ಟಲೆ ಸಭೆ ನಡೆದು, ಹಿರಿಯರಿಗೇ ಸಂಸತ್ತಿನಲ್ಲಿ ಒಂದು ಸದನ ಸಿಕ್ಕಿತು. ಹೊಸ ಅಧ್ಯಕ್ಷ ಎಗಾಲ್ ವ್ಯಾಪಾರಿಗಳಿಂದ ಸಾಲ ಎತ್ತಿದರು, ಅದಕ್ಕೆ ಪ್ರತಿಯಾಗಿ ಅವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು. (ಚೌಕಾಸಿಯಲ್ಲಿ ಉಳ್ಳವರ ಮಾತೇ ಮೊದಲು ನಡೆಯೋದು, ಇರಲಿ.) 2010ರ ಚುನಾವಣೆಯಲ್ಲಿ ಸೋತ ಅಧ್ಯಕ್ಷರು ಗಲಾಟೆ ಇಲ್ಲದೆ ಕುರ್ಚಿ ಬಿಟ್ಟರು. ಹೊರಗಿನ ದುಡ್ಡು ಸಲೀಸಾಗಿ ಬರುತ್ತಿದ್ದರೆ ಇವರೆಲ್ಲ ಹೀಗೆ ಎದುರುಬದುರು ಕೂರುತ್ತಿದ್ದರಾ? ನನಗಂತೂ ಅನುಮಾನ.

ಆದರೆ ತೆರಿಗೆ ಇದ್ದಲ್ಲೆಲ್ಲ ಲೆಕ್ಕ ಕೊಡ್ತಾರೆ ಅನ್ನೋದು ಸುಳ್ಳು. ಬ್ರಿಟಿಷರು ಸಿಯೆರಾ ಲಿಯೋನಿನಲ್ಲಿ ಗುಡಿಸಲಿಗೂ ಕಂದಾಯ ಹಾಕಿದರು. 1898ರಲ್ಲಿ ಜನ ದಂಗೆ ಎದ್ದಾಗ ಸೈನ್ಯ ಬಂತು, ಲೆಕ್ಕ ಬರಲಿಲ್ಲ. ಈಗಲೂ ಎಷ್ಟೋ ಬಡ ದೇಶಗಳಲ್ಲಿ ತೆರಿಗೆ ಸಾಮಾನಿನ ಬೆಲೆಯಲ್ಲೇ ಸೇರಿಹೋಗಿರುತ್ತದೆ. ಕಟ್ಟುತ್ತಿದ್ದೇವೆ ಅಂತಲೇ ಗೊತ್ತಿಲ್ಲದವರು ಏನಂತ ಕೇಳ್ತಾರೆ ಹೇಳಿ.

ಹಾಗಂತ ನೆರವು ನಿಲ್ಲಿಸಿ ಅಂತ ನಾನು ಹೇಳಲ್ಲ. ಯಾರ ದುಡ್ಡೇ ಇರಲಿ, ಎಷ್ಟು ಬಂತು ಅಂತ ಊರಿನವರಿಗೆ ಮೊದಲು ತಿಳಿಯಬೇಕು. ಉಗಾಂಡಾದಲ್ಲಿ 1991ರಿಂದ 95ರವರೆಗೆ ಕೇಂದ್ರ ಸರ್ಕಾರ ಶಾಲೆಗಳ ಖರ್ಚಿಗೆ ಕಳಿಸಿದ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇಕಡಾ 13. ಉಳಿದದ್ದು ನಡುವೆಯೇ ಮಾಯ. ಇದು ಬಯಲಾದ ಮೇಲೆ ಯಾವ ಜಿಲ್ಲೆಗೆ ಎಷ್ಟು ಹೋಯಿತು ಅಂತ ಸರ್ಕಾರ ಪತ್ರಿಕೆಗಳಲ್ಲಿ ಹಾಕಿಸತೊಡಗಿತು. 2001ರ ಹೊತ್ತಿಗೆ ಶೇಕಡಾ 80ಕ್ಕಿಂತ ಜಾಸ್ತಿ ಶಾಲೆ ತಲುಪುತ್ತಿತ್ತು. ಪೂರ್ತಿ ಶ್ರೇಯಸ್ಸು ಪತ್ರಿಕೆಗಳಿಗೇ ಸಲ್ಲದು, ಅದೇ ಸಮಯದಲ್ಲಿ ಹಣ ಹಂಚುವ ಕ್ರಮವೂ ಬಿಗಿಯಾಗಿತ್ತು ಅಂತ ವಾದಿಸುವವರಿದ್ದಾರೆ. ಅದನ್ನೂ ನಾನು ಒಪ್ಪುತ್ತೇನೆ.