ಬಿಲ್ಲು ಸೊನ್ನೆ ಬಂದ ಮೇಲೆ ಉಳಿಸುವುದೇನು?

ಬೆಂಗಳೂರಿನ ಬಸವೇಶ್ವರನಗರದ ಓದುಗರಿಗೆ ನಮಸ್ಕಾರ.

ಪತ್ರ ಸ್ವಲ್ಪ ಖಾರವಾಗಿಯೇ ಇದೆ. ಇರಲಿ, ನಮಗೂ ಆಗಾಗ ಬೇಕು. "ಮನೆಗೆಲ್ಲಾ ಎಲ್‌ಇಡಿ ಹಾಕಿಸಿದ್ದಾಯಿತು. ಗೃಹಜ್ಯೋತಿಯಿಂದ ಬಿಲ್ಲೂ ಸೊನ್ನೆ. ಆದರೂ ಸಂಚಿಕೆ ಸಂಚಿಕೆಗೂ ಕರೆಂಟು ಉಳಿಸಿ, ಪರಿಸರ ಉಳಿಸಿ ಅಂತೀರಿ. 30×40 ಸೈಟಿನ ಮನೆಯವರು ಇನ್ನೇನು ಮಾಡಬೇಕು?" ಎಂದು ಕೇಳಿದ್ದೀರಿ. ನಿಮ್ಮ ರಸ್ತೆಯಲ್ಲಿ ಒಣಗಿದ ಎಲೆ ಗುಡಿಸಿ ಬೆಂಕಿ ಹಚ್ಚುತ್ತಾರೆ ಎಂದೂ ಬರೆದಿದ್ದೀರಿ.

ನನ್ನ ಉತ್ತರ: ನೀರು ಉಳಿಸಿ. ಕರೆಂಟಿನ ವಿಷಯ ಕೇಳಿದರೆ ಇವರು ನೀರಿನ ಕಥೆ ಹೇಳ್ತಾರಲ್ಲ ಅನ್ನಬೇಡಿ. ನಿಮ್ಮ ನಲ್ಲಿಗೆ ಬರುವ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಅದನ್ನು ಪಂಪು ಮಾಡಿ ತರುತ್ತಾರೆ. ಏರಿಸಬೇಕಾದ ಎತ್ತರ ಸುಮಾರು 500 ಮೀಟರ್. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಹಂತದಲ್ಲಿ ಮೋಟಾರುಗಳು ಓಡಬೇಕು. 1000 ಲೀಟರ್ ನೀರನ್ನು ಅಷ್ಟು ಮೇಲಕ್ಕೆ ಎತ್ತಲು, ಪಂಪು ಪೈಪುಗಳ ನಷ್ಟವೂ ಸೇರಿ, ಹೆಚ್ಚು ಕಡಿಮೆ ಎರಡು ಯೂನಿಟ್ ಬೇಕು. ಮನೆಯಲ್ಲಿ ದಿನಕ್ಕೆ 500 ಲೀಟರ್ ಖರ್ಚಾದರೆ ಒಂದು ಯೂನಿಟ್ ಅಲ್ಲೇ ಹೋಯಿತು. ಅದು ನಿಮ್ಮ ಮೀಟರಿಗೆ ಬರುವುದಿಲ್ಲ, ಅಷ್ಟೇ.

ಆಮೇಲೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಇನ್ನೊಂದು ಸಲ ಮೋಟಾರು. ಟ್ಯಾಂಕು ತುಂಬಿ, ಪೈಪಿನಿಂದ ನೀರು ಧೋ ಅಂತ ಬೀಳುತ್ತಿದ್ದರೂ ಒಳಗೆ ಟಿವಿ ನೋಡುವವರು ಎಲ್ಲ ರಸ್ತೆಯಲ್ಲೂ ಇದ್ದಾರೆ. ತಾನಾಗಿ ಆಫ್ ಆಗುವ ಸ್ವಿಚ್ ಅಂಗಡಿಯಲ್ಲೇ ಸಿಗುತ್ತೆ, ಹಾಕಿಸಿಬಿಡಿ.

ಈಗ ನಿಮ್ಮ ತಾರಸಿಗೆ ಬರೋಣ. ಸಾವಿರ ಚದರ ಅಡಿ ಇದೆ ಎಂದುಕೊಳ್ಳಿ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಅಂದರೆ ನಿಮ್ಮ ತಾರಸಿಯ ಮೇಲೆ ಬೀಳುವುದು ಸುಮಾರು 90 ಸಾವಿರ ಲೀಟರ್. ಮೊದಲ ಮಳೆಯ ಕೊಳೆ ನೀರು, ಚೆಲ್ಲಿ ಹೋದದ್ದು ಎಲ್ಲ ಕಳೆದರೂ 70 ಸಾವಿರ ಕೈಗೆ ಸಿಗುತ್ತೆ. ಮೇಲಿಂದ ಬರುವ ನೀರು, ಎತ್ತುವ ಖರ್ಚೇ ಇಲ್ಲ! 30×40 ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೆ ಮಳೆನೀರು ಕೊಯ್ಲು ಕಡ್ಡಾಯ ಎಂಬ ನಿಯಮ 2009ರಲ್ಲೇ ಬಂತು. ಎಷ್ಟೋ ಕಡೆ ಅದು ತೋರಿಕೆಗೆ ಮಾತ್ರ. ಪೈಪು ಇಳಿದಿರುತ್ತೆ, ನೀರು ರಸ್ತೆಗೆ ಹೋಗುತ್ತೆ. ಇನ್ನೂ ಕೆಟ್ಟದ್ದೆಂದರೆ ಅದನ್ನು ಒಳಚರಂಡಿಗೆ ಜೋಡಿಸುವುದು. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ಒಂದು ಕಾರಣ. ಬೈಗುಳವೆಲ್ಲ ಮಾತ್ರ ಪಾಲಿಕೆಗೆ.

ಹಾಗಾಗಿ ಮೊದಲು ನಿಮ್ಮ ಪೈಪು ಎಲ್ಲಿಗೆ ಹೋಗಿದೆ ನೋಡಿ. ಒಂದು ಫಿಲ್ಟರ್ ಹಾಕಿ ಸಂಪಿಗೆ ತಿರುಗಿಸಿ. ಸಂಪು ತುಂಬಿ ಮಿಕ್ಕಿದ್ದು ಇಂಗುಬಾವಿಗೆ ಹೋಗಲಿ. ಬಾವಿ ತೋಡುವುದಕ್ಕೆ ತಲೆತಲಾಂತರದಿಂದ ಇದೇ ಕಸುಬಿನ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಇನ್ನೂ ಇದ್ದಾರೆ, ಅವರನ್ನೇ ಕರೆಯಿರಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕಿದೆ. ಸುಮ್ನೆ ಓದುವುದಕ್ಕಿಂತ ಅಲ್ಲಿನ ಮಾದರಿಗಳನ್ನು ಕಣ್ಣಾರೆ ನೋಡುವುದು ಮೇಲು. ಇಂಗಿಸಿದ ನೀರು ಪಕ್ಕದ ಮನೆಯವರ ಬೋರ್‌ವೆಲ್‌ಗೆ ಹೋಗಲ್ವಾ ಅಂತ ಕೇಳುವವರಿದ್ದಾರೆ. ಹೋಗುತ್ತೆ. ಅದಕ್ಕೆ ಬೇಲಿ ಹಾಕೋಕೆ ಆಗಲ್ಲ. ಅದಕ್ಕೇ ಇಡೀ ರಸ್ತೆಯವರು ಸೇರಿ ಮಾಡಿಸಿದರೆ ಒಳ್ಳೆಯದು.

ಸ್ನಾನದ ಮನೆಯ ಬಗ್ಗೆ ಒಂದು ಮಾತು. 2000 ವಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಸೋಲಾರ್ ಇದ್ದರೆ ಈ ಖರ್ಚಿಲ್ಲ ನಿಜ. ಆದರೆ ಬಿಸಿನೀರು ಬರುವ ತನಕ ಪೈಪಿನ ತಣ್ಣೀರನ್ನು ಮೋರಿಗೆ ಬಿಡುತ್ತೇವಲ್ಲ, ಅದೂ ತೊರೆಕಾಡನಹಳ್ಳಿಯಿಂದ ಹತ್ತಿಸಿ ತಂದ ನೀರೇ. ಬಕೆಟ್ಟಿಗೆ ಹಿಡಿದರೆ ನೆಲ ಒರೆಸೋಕೆ ಆಗುತ್ತೆ.

ಗೃಹಜ್ಯೋತಿಯನ್ನು ನಂಬಿ ಕೈ ಬಿಚ್ಚಿ ಉರಿಸಬೇಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಹಳೆಯ ಫ್ಯಾನು 75 ವಾಟ್ ಎಳೆಯುತ್ತೆ, ಕರೆಂಟು ಕಡಿಮೆ ಎಳೆಯುವ ಮೋಟಾರಿರುವ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಹಳೆಯದು ಕೆಟ್ಟಾಗ ಬದಲಾಯಿಸಿ, ಈಗಲೇ ಎಸೆಯಬೇಡಿ.

ಇನ್ನು ಎಲೆ. ಸುಡುವವರ ಜೊತೆ ಜಗಳ ಬೇಡ, ಪೌರಕಾರ್ಮಿಕರಿಗೆ ಗುಡಿಸಿದ್ದನ್ನು ಸುರಿಯೋಕೆ ಒಂದು ಜಾಗ ಬೇಕು. ಪಾರ್ಕಿನ ಮೂಲೆಯಲ್ಲಿ ಒಂದು ಜಾಲರಿ ತೊಟ್ಟಿ ಇಡಿಸಿ. ಒಣ ಎಲೆಯನ್ನು ಅದರಲ್ಲಿ ತುಂಬಿ, ಮಧ್ಯೆ ಮಧ್ಯೆ ಒಂದಿಷ್ಟು ಸಗಣಿ ನೀರು ಚಿಮುಕಿಸಿ. ಕೆಲವು ತಿಂಗಳಲ್ಲಿ ಪಾರ್ಕಿಗೆ ಗೊಬ್ಬರ ಸಿಗುತ್ತೆ. ಮಿಕ್ಕರೆ ನಿಮ್ಮ ಕುಂಡಗಳಿಗೂ ಒಂದು ಚೀಲ ಕೇಳಿ.

– ಸಂಪಾದಕ